ಆಮೇಲೆ ಬಂದ ಕಾಗದ

ಓದುಗರ ಪ್ರಶ್ನೆ, ಬೇಲೂರು ಟೀಚರ್ ಉತ್ತರ

ಹಿಂದಿನ ಸಂಚಿಕೆಯಲ್ಲಿ ಒಬ್ಬರು "ನಿಮಗೆ ಕನ್ನಡ ಕಲಿಸಿದವರು ಯಾರು?" ಅಂತ ಕೇಳಿದ್ದರು. "ಸೈನ್ಯದಲ್ಲಿದ್ದ ನಮ್ಮಣ್ಣ. 1971ರ ಯುದ್ಧದಲ್ಲಿ ತೀರಿಕೊಂಡ. ಮನೆಗೆ ಅವನ ಟ್ರಂಕು ಮಾತ್ರ ಬಂತು" ಅಂತ ಮೂರೇ ಸಾಲು ಬರೆದಿದ್ದೆ. ಆ ಮೂರು ಸಾಲಿಗೆ ಇಷ್ಟು ಕಾಗದ ಬರುತ್ತವೆ ಅಂತ ಗೊತ್ತಿರಲಿಲ್ಲ. ಈ ಸಲ ಸಂಧಿ, ಸಮಾಸ, ಕಾಗುಣಿತದ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದೇನೆ. ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಟೀಚರ್, ನಿಮ್ಮ ಅಣ್ಣ ಹೇಗಿದ್ದರು? ಅವರ ಬಗ್ಗೆ ಇನ್ನೂ ಸ್ವಲ್ಪ ಬರೆಯಬಾರದೇ? (ಹಳೇಬೀಡಿನ ಓದುಗರು)

ಎತ್ತರದ ಆಳೇನೂ ಅಲ್ಲ. ಕೈ ಮಾತ್ರ ದೊಡ್ಡವು. ನನಗಿಂತ 11 ವರ್ಷ ದೊಡ್ಡವನು. ನಮ್ಮೂರು ಬೇಲೂರು ತಾಲ್ಲೂಕಿನಲ್ಲಿದೆ, ಹಲ್ಮಿಡಿಗೆ ನಡೆದೇ ಹೋಗಬಹುದು. ರಾಗಿ, ಆಲೂಗೆಡ್ಡೆ, ಮೆಣಸಿನಕಾಯಿ ಬೆಳೆಯುವ ಊರು. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು, ಲೆಕ್ಕ ಎರಡರಲ್ಲೂ ಫೇಲಾದ. ಕನ್ನಡದಲ್ಲಿ ಮಾತ್ರ ಇಡೀ ಶಾಲೆಗೇ ಮೊದಲು. ಆಮೇಲೆ ಅಪ್ಪನ ಜೊತೆ ಹೊಲ ಉತ್ತ. ಬಾವಿ ತೋಡುವವರ ಗುಂಪಿನಲ್ಲಿ ಕೂಲಿಗೆ ಹೋದ. 1968ರಲ್ಲಿ ಯಾರೋ ಹೇಳಿದರು ಅಂತ ಬೆಂಗಳೂರು ಬಸ್ಸು ಹತ್ತಿದವನು, ಹಲಸೂರು ಕೆರೆ ಹತ್ತಿರದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಸೇರಿಕೊಂಡೇ ಬಂದ.

ಸ್ಯಾಪರ್ ಅಂದರೆ ಏನು ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇರೆ ಪಡೆಗಳಲ್ಲಿ ಸಿಪಾಯಿ ಅನ್ನುವುದನ್ನೇ ಅಲ್ಲಿ ಸ್ಯಾಪರ್ ಅನ್ನುತ್ತಾರೆ. 1780ರಿಂದ ಇರುವ ಪಡೆ ಅದು. ಬಂದೂಕಿನ ಜೊತೆಗೆ ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ಹೂಳುವುದು, ಶತ್ರು ಹೂಳಿದ್ದನ್ನು ತೆಗೆಯುವುದು, ಎಲ್ಲ ಇವರ ಕೆಲಸ. "ನೋಡು, ಬಾವಿ ತೋಡಿದ್ದು ಉಪಯೋಗಕ್ಕೆ ಬಂತು" ಅಂತ ಅವ್ವನಿಗೆ ಹೇಳುತ್ತಿದ್ದ.

ರಜೆಗೆ ಬಂದಾಗ ಸುಮ್ಮನೆ ಕೂರುವವನಲ್ಲ. ನಮ್ಮ ಅಡುಗೆಮನೆಯಲ್ಲಿ ಬೆಣ್ಣೆ ಗಡಿಗೆ ಇಡುವ ನೆಲುವು ಒಂದಿತ್ತು. ಅದರ ಹಗ್ಗ ಸವೆದು ಎರಡು ಸಲ ಗಡಿಗೆ ಬಿದ್ದಿತ್ತು. ಅಣ್ಣ ಹೊಸ ಹಗ್ಗ ಹೊಸೆದು, ಜಂತೆಗೆ ಎರಡು ಸುತ್ತು ಹಾಕಿ ಒಂದು ಗಂಟು ಬಿಗಿದ. ಭಾರ ಹೆಚ್ಚಾದಷ್ಟೂ ಬಿಗಿಯಾಗುವ ಗಂಟು. ಅದು ಸೇತುವೆ ಕೆಲಸದಲ್ಲಿ ಕಲಿತಿದ್ದಂತೆ. ನನ್ನನ್ನು ಕೂರಿಸಿಕೊಂಡು ಇನ್ನೊಂದು ಗಂಟು ಕಲಿಸಿದ. "ಬಲದ್ದು ಎಡದ ಮೇಲೆ, ಎಡದ್ದು ಬಲದ ಮೇಲೆ. ಹೇಳು ಪುಟ್ಟಿ." ಹೇಳಿದೆ. "ಬಿಚ್ಚುವಾಗ ಒಂದೇ ತುದಿ ಹಿಡಿದು ಎಳಿ, ಜಾರುತ್ತೆ." ಹಾಗೇ ಜಾರಿತು. ಆ ನೆಲುವಿನ ಗಂಟು 1998ರಲ್ಲಿ ಮನೆ ಕೆಡವುವವರೆಗೂ ಜಂತೆಯಲ್ಲೇ ಇತ್ತು. ಜಂತೆಯ ಆ ಒಂದು ಮೊಳ ತುಂಡನ್ನು ಹಗ್ಗದ ಸಮೇತ ಕೊಯ್ಯಿಸಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಆಗ ಫೋನ್ ಇಲ್ಲ, ಟಿ.ವಿ. ಇಲ್ಲ. ಸುದ್ದಿ ನಿಮ್ಮ ಮನೆಗೆ ಹೇಗೆ ಮುಟ್ಟಿತು? (ಸಕಲೇಶಪುರದ ಓದುಗರು)

ಕಾಗದದಲ್ಲೇ ಎಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ. ಅಪ್ಪನಿಗೆ ರುಜು ಹಾಕಲು ಬರುತ್ತಿತ್ತು, ಅಷ್ಟೆ. ಹಾಗಾಗಿ ಅಣ್ಣನ ಇನ್‌ಲ್ಯಾಂಡ್ ಕಾಗದ ಓದಿ ಹೇಳುವುದು, ಅವ್ವ ಹೇಳಿದ್ದನ್ನು ಬರೆಯುವುದು ನನ್ನ ಕೆಲಸ. ವಿಳಾಸದ ಕೊನೆಯಲ್ಲಿ "ಕೇರ್ ಆಫ್ 56 ಎ.ಪಿ.ಒ." ಅಂತ ಇರುತ್ತಿತ್ತು. ಅವ್ವ ಅದನ್ನು ಒಂದು ಊರು ಅಂದುಕೊಂಡಿದ್ದಳು. "ಆ ಊರಲ್ಲಿ ಮಳೆ ಹೆಂಗೆ ಕೇಳು" ಅನ್ನುತ್ತಿದ್ದಳು. ಅದು ಸೈನ್ಯದ ಅಂಚೆ, ಪಡೆ ಎಲ್ಲಿದೆ ಅಂತ ಯಾರಿಗೂ ತಿಳಿಯಬಾರದು ಅಂತ ಹಾಗೆ ಬರೆಯುತ್ತಾರೆ ಅಂತ ಅಣ್ಣ ಹೇಳಿಕೊಟ್ಟ ಮೇಲೂ, ಅವ್ವನ ಬಾಯಲ್ಲಿ ಅದು ಊರಾಗಿಯೇ ಉಳಿಯಿತು.

1971ರ ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಪಶ್ಚಿಮದ ಗಡಿಯಲ್ಲಿ 17ರ ರಾತ್ರಿ 8 ಗಂಟೆಗೆ ಗುಂಡು ನಿಂತಿತು. ಪಟೇಲರ ಮನೆ ರೇಡಿಯೋ ಮುಂದೆ ಊರೆಲ್ಲ ಸೇರಿತ್ತು. ಅಪ್ಪ ಬೆಲ್ಲ ಹಂಚಿದರು. ಯುದ್ಧ ಮುಗಿಯಿತು, ಮಗ ಬದುಕಿಕೊಂಡ ಅಂತ.

ತಂತಿ ಬಂದಿದ್ದು 21ಕ್ಕೆ. ರಾಗಿ ಕಣದ ಕಾಲ. ಅವ್ವ ಕಣದಲ್ಲಿ ರಾಗಿ ತೂರುತ್ತಿದ್ದಳು. ತಂತಿ ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರಲಿಲ್ಲ. ಮನೆಯ ಕಾಗದವೆಲ್ಲ ಓದುತ್ತಿದ್ದವಳಿಗೆ ಅದೊಂದನ್ನು ಓದಲು ಬರಲಿಲ್ಲ. ಶಾಲೆಯ ಮೇಷ್ಟ್ರ ಹತ್ತಿರ ಓಡಿದೆ. ಅವರು ಓದಿದರು. ಅರ್ಥ ಹೇಳಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ನನ್ನ ಕೈ ಹಿಡಿದುಕೊಂಡು ಕಣದವರೆಗೂ ನಡೆದು ಬಂದರು. 15ನೇ ತಾರೀಖು ತೀರಿಕೊಂಡಿದ್ದ. 22 ವರ್ಷ.

ಈಗ ಬರೆಯುವುದನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ತಂತಿ ಬಂದ ಐದಾರು ದಿನಕ್ಕೆ ಅಣ್ಣನ ಒಂದು ಕಾಗದ ಬಂತು. ಸಾಯುವ ಮುಂಚೆ ಅಂಚೆಗೆ ಹಾಕಿದ್ದು. ಅವ್ವ ನನ್ನನ್ನು ಹೊಸಿಲ ಮೇಲೆ ಕೂರಿಸಿ "ಓದು" ಅಂದಳು. ಹಸು ಕರು ಹಾಕಿತಾ ಅಂತ ಕೇಳಿದ್ದ. ಸಂಕ್ರಾಂತಿ ಆಗುವವರೆಗೂ ರಾಗಿ ಮಾರಬೇಡಿ ಅಂದಿದ್ದ. ಇಲ್ಲಿ ಬಹಳ ಚಳಿ, ಅವರೆಕಾಯಿ ಬಂದಿರಬೇಕು, ಹಿದುಕವರೆ ಸಾರು ಮಾಡಿದಾಗ ನನ್ನ ನೆನೆಸಿಕೊಳ್ಳಿ ಅಂತ ಬರೆದಿದ್ದ. ಓದಿ ಮುಗಿಸಿದ ಮೇಲೆ ಅವ್ವ ಕೇಳಿದಳು: "ಯಾವತ್ತು ಬರೆದಿದ್ದು?"

ಮೇಲ್ಗಡೆ ಬಲಕ್ಕೆ ಇತ್ತು. 10-12-71. ನಾನು "ತಾರೀಖು ಹಾಕಿಲ್ಲ ಅವ್ವ" ಅಂದೆ.

ಯಾಕೆ ಹಾಗಂದೆ? 11 ವರ್ಷದ ಹುಡುಗಿ. ಅವ್ವನ ಮುಖ ನೋಡಿದೆ, ಬಾಯಿಗೆ ಹಾಗೆ ಬಂತು. ಅವ್ವ ಕಾಗದವನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. "ತಂತಿ ಮೊದಲು ಬಂತು, ಕಾಗದ ಆಮೇಲೆ ಬಂತು. ಆಮೇಲೆ ಬಂದಿದ್ದೇ ನಿಜ" ಅಂದಳು. ಅವತ್ತಿನಿಂದ ಅವಳಿಗೆ ಮಗ ಬದುಕಿದ್ದಾನೆ. ತಿಥಿ ಮಾಡಲು ಬಿಡಲಿಲ್ಲ.

ಟ್ರಂಕು ಬಂದಿದ್ದು ಶಿವರಾತ್ರಿ ಮುಂಚೆ. ಅಪ್ಪ ಬೇಲೂರಿನಿಂದ ಗಾಡಿಯಲ್ಲಿ ತಂದರು. ಕರಿ ಬಣ್ಣದ ತಗಡಿನ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ಉಣ್ಣೆ ಸ್ವೆಟರ್, ಎನಾಮಲ್ ಮಗ್ಗು, ಕ್ಷೌರದ ಸಾಮಾನು, ಚಾಮುಂಡಿಯ ಸಣ್ಣ ಪಟ. ಕೆಳಗೆ ನಾನು ಬರೆದ ಕಾಗದಗಳ ಕಟ್ಟು, ದಾರದಲ್ಲಿ ಕಟ್ಟಿದ್ದು. ಬಲದ್ದು ಎಡದ ಮೇಲೆ, ಎಡದ್ದು ಬಲದ ಮೇಲೆ. ಒಂದು ತುದಿ ಹಿಡಿದು ಎಳೆದೆ. ಜಾರಿತು.

ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ ಅಲ್ವಾ? ನಾನು ಮಾತಾಡುವ ಹಾಗೇ ಬರೆಯುತ್ತಿದ್ದೆ. "ಅಸು ಕರು ಆಕಿಲ್ಲ, ಅಪ್ಪ ಒಲಕ್ಕೆ ಓಗಿದ್ದಾರೆ." ಅಣ್ಣ ಪ್ರತಿ ಕಾಗದದಲ್ಲೂ ತಪ್ಪಾದ ಅಕ್ಷರಕ್ಕೆ ಸೀಸದಕಡ್ಡಿಯಲ್ಲಿ ಸುತ್ತು ಹಾಕಿ, ಮೇಲೆ ಸಣ್ಣದಾಗಿ "ಹ" ಬರೆದಿದ್ದ. ಒಂದು ಸಲವೂ ನನಗೆ ತಪ್ಪು ಅಂತ ಹೇಳಿರಲಿಲ್ಲ. ರಜೆಗೆ ಬಂದಾಗ ಕೂರಿಸಿ ಕಲಿಸೋಣ ಅಂತ ಇಟ್ಟುಕೊಂಡಿದ್ದನೋ ಏನೋ. ಆ ಕಟ್ಟು ಇಟ್ಟುಕೊಂಡೇ ನಾನು ಹಕಾರ ಕಲಿತೆ. ಹಿಂದಿನ ಸಂಚಿಕೆಯ ಪ್ರಶ್ನೆಗೆ ನಾನು ಕೊಡಬೇಕಿದ್ದ ಪೂರ್ತಿ ಉತ್ತರ ಇದು.

ಪ್ರಶ್ನೆ: "ಹುತಾತ್ಮ" ಸರಿಯೋ, "ವೀರಮರಣ ಹೊಂದಿದ" ಸರಿಯೋ? ಪತ್ರಿಕೆಗಳಲ್ಲಿ ಎರಡೂ ಬರುತ್ತವೆ. (ಕಡೂರಿನ ವಿದ್ಯಾರ್ಥಿ)

ಎರಡೂ ಬಳಕೆಯಲ್ಲಿವೆ, ತಪ್ಪೇನಿಲ್ಲ. ಹುತ ಅಂದರೆ ಹೋಮದ ಬೆಂಕಿಗೆ ಅರ್ಪಿಸಿದ್ದು. ತನ್ನನ್ನೇ ಹಾಗೆ ಅರ್ಪಿಸಿಕೊಂಡವನು ಹುತಾತ್ಮ. ಆದರೆ ನಮ್ಮ ಸರ್ಕಾರ, ಸೈನ್ಯದ ಕಡತಗಳಲ್ಲಿ ಆ ಅರ್ಥದ ಪದ ಬಳಸುವುದಿಲ್ಲ ಅಂತ ಸಂಸತ್ತಿನಲ್ಲೇ ಹೇಳಿದ್ದಾರೆ. ಅಲ್ಲಿ "ಕಾರ್ಯಾಚರಣೆಯಲ್ಲಿ ಸತ್ತವರು" ಅಂತಲೇ ಬರೆಯುವುದು. ನಮ್ಮ ಹಳೆಯ ವೀರಗಲ್ಲುಗಳನ್ನು ನೋಡಿ, "ಕಾದಿ ಸತ್ತಂ", "ತುರುವಂ ಮಗುಳ್ಚಿ ಸತ್ತಂ" ಅಂತ ಇರುತ್ತದೆ. ಹೋರಾಡಿ ಸತ್ತ, ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿಕೊಟ್ಟು ಸತ್ತ ಅಂತ. ನನಗೆ ಆ ಕನ್ನಡವೇ ಹೆಚ್ಚು ಇಷ್ಟ. ಏನು ಮಾಡುತ್ತ ಸತ್ತ ಅಂತ ಅದು ಹೇಳುತ್ತದೆ.

ಪ್ರಶ್ನೆ: ಶವ ಯಾಕೆ ಊರಿಗೆ ಬರಲಿಲ್ಲ? ಈಗ ವಿಮಾನದಲ್ಲಿ ತರುತ್ತಾರಲ್ಲ? ಅಣ್ಣ ತೀರಿಕೊಂಡ ಜಾಗಕ್ಕೆ ನೀವು ಯಾವತ್ತಾದರೂ ಹೋಗಿದ್ದೀರಾ? (ಹಾಸನದ ಓದುಗರು)

ಆಗ ತರುತ್ತಿರಲಿಲ್ಲ. 1962, 1965, 1971ರ ಯುದ್ಧಗಳಲ್ಲಿ ಸಾಮಾನ್ಯವಾಗಿ ಯುದ್ಧಭೂಮಿಯ ಹತ್ತಿರವೇ, ಅವರವರ ಧರ್ಮದಂತೆ ಜೊತೆಯವರೇ ಸಂಸ್ಕಾರ ಮಾಡುತ್ತಿದ್ದರು. ಮನೆಗೆ ಸಾಮಾನು ಬರುತ್ತಿತ್ತು. 1971ರಲ್ಲಿ ನಮ್ಮ ಕಡೆ ಸುಮಾರು 3,800 ಜನ ಸತ್ತರು. ಅಷ್ಟು ಮನೆಗಳಿಗೂ ನಮ್ಮ ಮನೆ ಹಾಗೆ ಒಂದು ತಂತಿ, ಒಂದು ಟ್ರಂಕು.

1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಇದು ಬದಲಾಯಿತು. ಆ ಯುದ್ಧದಲ್ಲಿ ಸತ್ತ 527 ಜನರ ಸುದ್ದಿ ಟಿ.ವಿ.ಯಲ್ಲಿ ಬಂತು, ಪೆಟ್ಟಿಗೆಗಳು ಊರೂರಿಗೆ ಬಂದವು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಸಿಕ್ಕಿಕೊಂಡಿದ್ದು ನಿಮಗೂ ನೆನಪಿರಬೇಕು. ಅವರಲ್ಲಿ ನಮ್ಮ ಹಾಸನದ ಪಕ್ಕದ ತೇಜೂರಿನ ಸುಬೇದಾರರೂ ಒಬ್ಬರು. ದಿನಗಟ್ಟಲೆ ಹಿಮ ಅಗೆದು ಹುಡುಕಿದರು. ಅಷ್ಟು ಕಷ್ಟಪಟ್ಟು ಹುಡುಕಿ, ತಂದು, ಮನೆಯವರಿಗೆ ಮುಖ ತೋರಿಸಿದರಲ್ಲ, ಅದಕ್ಕೆ ನಾನು ಅವತ್ತು ದೇವರಿಗೆ ಕೈ ಮುಗಿದೆ. ಮುಖ ನೋಡುವುದು ಎಷ್ಟು ದೊಡ್ಡದು ಅಂತ ನೋಡದವರಿಗೇ ಗೊತ್ತು.

ಅಣ್ಣ ತೀರಿಕೊಂಡ ಜಾಗಕ್ಕೆ ಹೋಗಲು ಆಗುವುದಿಲ್ಲ. ಅದು ಬಸಂತರ್ ಹೊಳೆ ಹತ್ತಿರ, ಶಕರ್‌ಗಢ್ ಕಡೆ. ನಮ್ಮವರು ಗೆದ್ದ ಆ ನೆಲವನ್ನು 1972ರ ಶಿಮ್ಲಾ ಒಪ್ಪಂದದ ಮೇಲೆ ವಾಪಸ್ ಕೊಟ್ಟೆವು. ಈಗ ಗಡಿಯ ಆಚೆ ಇದೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋಗಿದ್ದೆ. 2019ರಲ್ಲಿ ಆಗಿದ್ದು ಅದು. ಗೋಡೆಗಳ ಮೇಲೆ 25 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಅರ್ಧ ದಿನ ಹುಡುಕಿದೆವು. ಸಿಕ್ಕಿತು. ಬೆರಳಿಟ್ಟು ಮುಟ್ಟಿದೆ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು.

ಪ್ರಶ್ನೆ: ನೆಲಬಾಂಬ್ ತೆಗೆಯುವಾಗ ತೀರಿಕೊಂಡರೇ? ಇದೆಲ್ಲ ನಿಮಗೆ ಹೇಗೆ ತಿಳಿಯಿತು? (ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿನಿ)

ತಿಳಿಯಲು 22 ವರ್ಷ ಬೇಕಾಯಿತಮ್ಮ.

ಅಷ್ಟು ವರ್ಷ ಅವ್ವ ಹೇಗಿದ್ದಳು ಅಂತ ಮೊದಲು ಹೇಳುತ್ತೇನೆ. ಅಣ್ಣನಿಗೆ ಮದುವೆ ಆಗಿರಲಿಲ್ಲ, ಹಾಗಾಗಿ ಸಣ್ಣದೊಂದು ಪಿಂಚಣಿ ತಂದೆತಾಯಿಗೆ ಬರುತ್ತಿತ್ತು. ಅಪ್ಪ ಹೋದ ಮೇಲೆ ಅವ್ವನಿಗೆ. ಪ್ರತಿ ನವೆಂಬರಿನಲ್ಲಿ "ನಾನು ಬದುಕಿದ್ದೇನೆ" ಅಂತ ಹೆಬ್ಬೆಟ್ಟು ಒತ್ತಿ ಬರಬೇಕು. ಅವ್ವ ಒಗೆದ ಸೀರೆ ಉಟ್ಟು, ನನ್ನ ಜೊತೆ ಬಸ್ಸಿನಲ್ಲಿ ಬಂದು, ಒತ್ತಿ ಹೋಗುತ್ತಿದ್ದಳು. ಹೆಸರಿನ ಅಕ್ಷರ ಒಂದು ಕಡೆ ಹಾಗೆ, ಒಂದು ಕಡೆ ಹೀಗೆ ಇದೆ ಅಂತ ಒಂದು ಕಚೇರಿಯವರು ಎಂಟು ತಿಂಗಳು ದುಡ್ಡು ತಡೆದಿದ್ದರು. ಅವ್ವ ಆ ದುಡ್ಡನ್ನು ಒಂದು ಪೈಸೆಯೂ ಮುಟ್ಟಲಿಲ್ಲ. "ಅವನು ಬಂದಾಗ ಕೊಡಬೇಕು" ಅನ್ನುತ್ತಿದ್ದಳು. ಮಹಾಲಯ ಅಮಾವಾಸ್ಯೆಗೆ ಅಜ್ಜ, ಅಜ್ಜಿ, ಅಪ್ಪ ಎಲ್ಲರಿಗೂ ಎಡೆ ಇಡುತ್ತಿದ್ದಳು. ಅಣ್ಣನಿಗೆ ಮಾತ್ರ ಇಡಲಿಲ್ಲ.

1993ರ ಶ್ರಾವಣದಲ್ಲಿ ಒಬ್ಬರು ಮನೆ ಹುಡುಕಿಕೊಂಡು ಬಂದರು. ಅರಸೀಕೆರೆ ಕಡೆಯವರು, ನಿವೃತ್ತ ಹವಾಲ್ದಾರ್. ಅಣ್ಣನ ಜೊತೆ ಒಂದೇ ಪಡೆಯಲ್ಲಿ ಇದ್ದವರು. ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ನಾನು ಕೇಳಿದೆ, ಸ್ವಲ್ಪ ಕೋಪದಲ್ಲೇ. "ಎರಡು ಸಲ ಬೇಲೂರು ಬಸ್‌ ಸ್ಟ್ಯಾಂಡಿನವರೆಗೂ ಬಂದು ವಾಪಸ್ ಹೋಗಿದ್ದೀನಿ ಅಕ್ಕ. ಧೈರ್ಯ ಬರಲಿಲ್ಲ" ಅಂದರು.

ಅವರು ಹೇಳಿದ್ದು ಇಷ್ಟು. ಬಸಂತರ್ ಹೊಳೆ ದಾಟಿ ನಮ್ಮ ಕಾಲಾಳುಗಳು ಆಚೆ ದಡ ಹಿಡಿದಿದ್ದರು. ಅವರ ಬೆಂಬಲಕ್ಕೆ ಟ್ಯಾಂಕು ಹೋಗಬೇಕು. ದಾರಿ ತುಂಬ ನೆಲಬಾಂಬ್. ಅದನ್ನು ತೆಗೆದು ಟ್ಯಾಂಕಿಗೆ ಓಣಿ ಮಾಡಿಕೊಡುವುದು ಸ್ಯಾಪರ್‌ಗಳ ಕೆಲಸ. ರಾತ್ರಿ, ಮಂಜು, ಕೈ ಸೆಟೆಯುವ ಚಳಿ. ಮೊಣಕಾಲೂರಿ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ತಲೆಗೇ ಒತ್ತುತ್ತದೆ, ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಗಲುತ್ತದೆ. ಟ್ಯಾಂಕಿನ ಬಾಂಬು ದೊಡ್ಡದು, ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಆದರೆ ಅದರ ಸುತ್ತ ಮನುಷ್ಯನ ಕಾಲಿಗೇ ಅಂತ ಸಣ್ಣವನ್ನು ಹೂತಿರುತ್ತಾರೆ. ತೆಗೆದಷ್ಟು ದೂರಕ್ಕೆ ಎರಡು ಕಡೆ ಬಿಳಿ ಪಟ್ಟಿ ಎಳೆಯಬೇಕು. ಅಣ್ಣನ ಕೈಯಲ್ಲಿ ಆ ರಾತ್ರಿ ಪಟ್ಟಿಯ ಸುರುಳಿ ಇತ್ತು. ಗೂಟಕ್ಕೆ ಕಟ್ಟುತ್ತ ಹೋಗುತ್ತಿದ್ದನಂತೆ. ಎಲ್ಲರೂ ಹೇಗೆ ಬೇಕೋ ಹಾಗೆ ಸುತ್ತುತ್ತಿದ್ದರು, ಇವನು ಆ ಕತ್ತಲಲ್ಲೂ ಸರಿಯಾದ ಗಂಟೇ ಹಾಕುತ್ತಿದ್ದ ಅಂದರು ಹವಾಲ್ದಾರ್. ನನಗೆ ಗೊತ್ತು, ಹಾಗೇ ಮಾಡಿರುತ್ತಾನೆ.

ಅವನು ನೆಲಬಾಂಬಿಗೆ ಸಿಗಲಿಲ್ಲ. ಆಚೆಯಿಂದ ಫಿರಂಗಿ ಗುಂಡು ಬೀಳುತ್ತಿತ್ತು. ಒಂದು ಹತ್ತಿರದಲ್ಲೇ ಸಿಡಿಯಿತು.

ಓಣಿ ಪೂರ್ತಿ ಆಗುವ ಮುಂಚೆಯೇ ಶತ್ರುವಿನ ಟ್ಯಾಂಕುಗಳು ಬರುತ್ತಿವೆ ಅಂತ ಸುದ್ದಿ ಬಂತು. ನಮ್ಮ ಪೂನಾ ಹಾರ್ಸ್ ಅನ್ನುವ ಪಡೆಯ ಟ್ಯಾಂಕುಗಳು ಇನ್ನು ಕಾಯಲಿಲ್ಲ. ಉಳಿದ ನೆಲಬಾಂಬುಗಳ ನಡುವೆಯೇ ನುಗ್ಗಿದವು. ಮರುದಿನ ಆ ಪಡೆಯ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ಅಲ್ಲೇ ತೀರಿಕೊಂಡರು. ಅವರಿಗೆ 21 ವರ್ಷ, ನಮ್ಮಣ್ಣನಿಗಿಂತ ಒಂದು ವರ್ಷ ಚಿಕ್ಕವರು. ಆ ಯುದ್ಧದಲ್ಲಿ ಕೊಟ್ಟ ನಾಲ್ಕು ಪರಮವೀರ ಚಕ್ರಗಳಲ್ಲಿ ಎರಡು ಬಸಂತರ್ ಕಾಳಗಕ್ಕೇ. ಒಂದು ಅವರಿಗೆ, ಇನ್ನೊಂದು ಗ್ರೆನೇಡಿಯರ್ಸ್‌ನ ಮೇಜರ್ ಹೋಶಿಯಾರ್ ಸಿಂಗ್ ಅವರಿಗೆ. ಅಲ್ಲೇ ನೆಲಬಾಂಬ್ ತೆಗೆಸುತ್ತ ಸತ್ತ ಇಂಜಿನಿಯರ್ ಪಡೆಯ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮಹಾವೀರ ಚಕ್ರ. ಪಟ್ಟಿ ಕಟ್ಟಿದವರಿಗೆ ಪದಕ ಬರಲಿಲ್ಲ. ಬರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಟ್ಯಾಂಕು ಅರ್ಧ ದಾರಿವರೆಗೆ ಹೋಗಿದ್ದು ಯಾರೋ ಕಟ್ಟಿದ ಬಿಳಿ ಪಟ್ಟಿಯ ನಡುವೆ ಅಂತ ನೀವು ನೆನಪಿಟ್ಟುಕೊಳ್ಳಿ.

ಅವ್ವ ಇದನ್ನೆಲ್ಲ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಕೊನೆಗೆ ಎರಡೇ ಪ್ರಶ್ನೆ ಕೇಳಿದಳು.

"ಮೈ ನೆಟ್ಟಗಿತ್ತಾ ಮಗ?"

"ನೆಟ್ಟಗಿತ್ತು ಅವ್ವ."

"ಬೆಂಕಿ ಯಾರು ಕೊಟ್ರು?"

"ನಾನೇ ಕೊಟ್ಟೆ. ಬೂದಿ ಹೊಳೆಗೆ ಬಿಟ್ಟಿದ್ದೂ ನಾನೇ."

ಅವ್ವ ಎದ್ದು ಹೋಗಿ ಅವರಿಗೆ ಊಟಕ್ಕೆ ಎಲೆ ಹಾಕಿದಳು. ಮಗನಿಗೆ ಬಡಿಸುವ ಹಾಗೆ ಬಡಿಸಿದಳು. ಅವರು ತಲೆ ಬಗ್ಗಿಸಿಕೊಂಡು ಉಂಡರು.

ಆ ರಾತ್ರಿ ನಾನು ತಾರೀಖಿನ ವಿಷಯ ಹೇಳಿಬಿಟ್ಟೆ. ಅಳು ಬಂತು. ನನ್ನಿಂದ ಇಷ್ಟು ವರ್ಷ ಕಾದೆಯಲ್ಲ ಅವ್ವ ಅಂದೆ. ಅವ್ವ ಅಂದಳು: "ಅವತ್ತು ಓದುವಾಗ ಮೇಲ್ಗಡೆ ನೋಡಿ ತಡವರಿಸ್ದೆ. ನಿನ್ನ ದನಿ ನಂಗೊತ್ತಿಲ್ವಾ?" ಹಾಗಾದರೆ ಯಾಕೆ ಎಡೆ ಇಡಲಿಲ್ಲ ಅಂತ ಕೇಳಿದೆ. "ಬೆಂಕಿ ಕೊಟ್ಟೋರು ಯಾರು ಅಂತ ಗೊತ್ತಿಲ್ದೆ ಹೆಂಗೆ ಇಡ್ಲಿ?" ಅಂದಳು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಣ್ಣನಿಗೆ ಎಡೆ ಇಟ್ಟಳು. ಅವರೆಕಾಯಿ ಕಾಲ ಅಲ್ಲ. ಒಣ ಅವರೆಕಾಳು ನೆನೆಸಿ, ಒಂದೊಂದೇ ಹಿದುಕಿ ಸಾರು ಮಾಡಿದಳು. ಅರಸೀಕೆರೆಯಿಂದ ಹವಾಲ್ದಾರರೂ ಬಂದಿದ್ದರು. ಅವ್ವ ಇರುವವರೆಗೂ, 2004ರವರೆಗೆ, ಪ್ರತಿ ವರ್ಷ ಬಂದರು.

ಪ್ರಶ್ನೆ: ನನ್ನ ಮಗ ಅಗ್ನಿವೀರನಾಗಬೇಕು ಅಂತ ಹಟ ಹಿಡಿದಿದ್ದಾನೆ. ದಿನಾ ಬೆಳಗ್ಗೆ ಓಡುತ್ತಾನೆ. ನನಗೆ ಭಯ. ಬೇಡ ಅನ್ನಲೇ? (ಮೂಡಿಗೆರೆಯ ತಾಯಿ)

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಹೋಗಲಿ ಅನ್ನಲೂ ಬೇಡ ಅನ್ನಲೂ ನನಗೆ ಬಾಯಿ ಬರುವುದಿಲ್ಲ. ಎರಡು ಮಾತು ಹೇಳುತ್ತೇನೆ. 2022ರಲ್ಲಿ ಬಂದ ಈ ಯೋಜನೆ ನಾಲ್ಕು ವರ್ಷದ್ದು, ಆಮೇಲೆ ಕಾಯಂ ಆಗುವುದು ಶೇಕಡಾ 25ರಷ್ಟು ಜನ ಮಾತ್ರ. ಇದನ್ನು ಅವನು ಸರಿಯಾಗಿ ತಿಳಿದುಕೊಂಡಿದ್ದಾನಾ ಅಂತ ಕೂರಿಸಿ ಕೇಳಿ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಾಜಿ ಸೈನಿಕರು ಬೇಕಾದಷ್ಟು ಜನ ಇದ್ದಾರೆ, ಒಬ್ಬರ ಮನೆಗೆ ನೀವೂ ಜೊತೆಗೆ ಹೋಗಿ ಮಾತಾಡಿಸಿ.

ಇನ್ನೊಂದು. ಅವನು ಹೋಗುವುದೇ ಆದರೆ, ಜೊತೆಯಲ್ಲಿರುವ ಇಬ್ಬರ ಹೆಸರು, ಊರು, ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಅವರ ತಾಯಂದಿರ ಜೊತೆ ಮಾತಾಡಿ. ರಜೆಗೆ ಬಂದಾಗ ಮನೆಗೆ ಕರೆದು ಊಟ ಹಾಕಿ. ಭಯಕ್ಕೆ ಹೇಳುತ್ತಿಲ್ಲ. ನಮ್ಮ ಮನೆಗೆ 22 ವರ್ಷ ಗೊತ್ತಿಲ್ಲದೇ ಹೋಗಿದ್ದು ಇಂಥ ಒಂದು ಹೆಸರು.

ಪ್ರಶ್ನೆ: ನಮ್ಮೂರಿನ ಹುಡುಗ ಕಾಶ್ಮೀರದಲ್ಲಿ ತೀರಿಕೊಂಡು ಒಂದು ವರ್ಷವಾಯಿತು. ಶಾಲೆ ಮುಂದೆ ಗ್ರಾನೈಟ್ ಕಲ್ಲು ನಿಲ್ಲಿಸುತ್ತಿದ್ದೇವೆ. ಹೆಸರು, ನಂಬರ್, ತಾರೀಖು, ಕೆಳಗೆ "ಅಮರ್ ರಹೇ" ಅಂತ ಹಾಕಿದ್ದೇವೆ. ಕನ್ನಡ ಸರಿಯಿದೆಯೇ ನೋಡಿ ತಿಳಿಸಿ. (ಚಿಕ್ಕಮಗಳೂರು ತಾಲ್ಲೂಕಿನ ಯುವಕ ಸಂಘ)

ಕನ್ನಡ ಸರಿಯಿಲ್ಲ, ಯಾಕೆಂದರೆ "ಅಮರ್ ರಹೇ" ಕನ್ನಡ ಅಲ್ಲ. ಅದನ್ನು ತೆಗೆಯಿರಿ.

ನಿಮ್ಮ ಊರಿನ ಕೆರೆ ಏರಿ ಮೇಲೋ ಹಳೆ ದೇವಸ್ಥಾನದ ಹಿಂದೋ ವೀರಗಲ್ಲು ಇದ್ದೇ ಇರುತ್ತದೆ, ನಮ್ಮೆರಡು ಜಿಲ್ಲೆಯಲ್ಲಿ ಅದಕ್ಕೇನು ಬರ. ಹೋಗಿ ನೋಡಿ ಬನ್ನಿ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಅವನು ಕಾದಾಡುತ್ತಿರುವುದು. ನಡುವೆ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಿರುವುದು. ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ಜೊತೆಗೆ ಸೂರ್ಯ ಚಂದ್ರ. ಅಕ್ಷರ ಇದ್ದರೆ ಯಾರ ಮಗ, ಯಾವ ಊರು, ಯಾವುದಕ್ಕಾಗಿ ಹೊಡೆದಾಡಿದ ಅಂತ ಬರೆದಿರುತ್ತಾರೆ.

ನಮ್ಮ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಕ್ರಿ.ಶ. 450ರ ಸುಮಾರಿನದು, ಕನ್ನಡದ ಮೊದಲ ಶಾಸನ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದರಲ್ಲಿ ಏನಿದೆ ಅಂತ ಹೇಳುವುದು ಕಡಿಮೆ. ಯುದ್ಧದಲ್ಲಿ ಕಾದಿದ ವಿಜ ಅರಸ ಅನ್ನುವವನಿಗೆ ಪಲ್ಮಿಡಿ, ಮೂಳಿವಳ್ಳಿ ಅನ್ನುವ ಎರಡು ಊರುಗಳನ್ನು "ಬಾಳ್ಗಳ್ಚು" ಆಗಿ ಕೊಟ್ಟರು ಅಂತ ಇದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿ ತೊಳೆದು ಕೊಡುವ ದಾನ. ನಮಗೆ ಸಿಕ್ಕ ಮೊದಮೊದಲ ಕನ್ನಡದಲ್ಲೇ ಒಬ್ಬ ಯೋಧನ ಹೆಸರಿದೆ, ಊರಿದೆ, ಅವನು ಮಾಡಿದ ಕೆಲಸ ಇದೆ. ನೀವು ಹೆಸರು, ನಂಬರ್ ಅಷ್ಟಕ್ಕೇ ನಿಲ್ಲಿಸಬೇಡಿ.

ನಿಮ್ಮ ಕಾಗದದ ಕೊನೆಯಲ್ಲಿ ಸುಮ್ನೆ ಅನ್ನುವ ಹಾಗೆ ಒಂದು ಸಾಲು ಬರೆದಿದ್ದೀರಿ: "ರಜೆಗೆ ಬಂದರೆ ಊರಿನ ಪಂಪ್‌ಸೆಟ್ಟೆಲ್ಲ ಅವನೇ ರಿಪೇರಿ ಮಾಡುತ್ತಿದ್ದ, ಒಂದು ರೂಪಾಯಿ ತೆಗೆದುಕೊಳ್ಳುತ್ತಿರಲಿಲ್ಲ." ಅದನ್ನು ಕಲ್ಲಿನ ಮೇಲೆ ಹಾಕಿ. ಅವನ ತಂದೆತಾಯಿ ಇಬ್ಬರ ಹೆಸರೂ ಇರಲಿ. ಓದಿದ ಶಾಲೆ ಇದೇ ಅಂತ ಇರಲಿ. ಯಾವ ಪಡೆ, ಏನು ಕೆಲಸ, ಯಾವ ಊರಿನ ಹತ್ತಿರ, ಏನು ಮಾಡುತ್ತಿದ್ದಾಗ ಅಂತ ಅವನ ಪಡೆಯವರನ್ನು ಕೇಳಿ ಬರೆಯಿರಿ. ಹತ್ತು ಸಾಲಾದರೂ ಪರವಾಗಿಲ್ಲ. ಕಲ್ಲು ಸಾಲದಿದ್ದರೆ ದೊಡ್ಡ ಕಲ್ಲು ತನ್ನಿ. ನನ್ನ ಕಡೆಯಿಂದಲೂ ದುಡ್ಡು ಕಳಿಸುತ್ತೇನೆ.

ಕೆತ್ತುವವರಿಗೆ ಕೊಡುವ ಮುಂಚೆ ಆ ಹಾಳೆ ತೆಗೆದುಕೊಂಡು ಅವನ ತಾಯಿ ಹತ್ತಿರ ಹೋಗಿ. ಕೂತು, ನಿಧಾನವಾಗಿ, ಮೊದಲಿಂದ ಕೊನೆವರೆಗೆ ಓದಿ ಹೇಳಿ. ತಾರೀಖು ಬಿಡಬೇಡಿ. ಅವರು ಎಲ್ಲಾದರೂ "ಹಂಗಲ್ಲ" ಅಂದರೆ ಅಲ್ಲೇ ತಿದ್ದಿಕೊಳ್ಳಿ. ತಿದ್ದಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಕಾಗುಣಿತ ನೋಡಿಕೊಡುತ್ತೇನೆ.